ಪ್ರೌಢಶಾಲೆಗೆ ಹೊಸ ವೇಳಾಪಟ್ಟಿ: ಲೆಕ್ಕ ಎಲ್ಲಿಂದ ಆರಂಭಿಸಬೇಕು?

ಮೇ ತಿಂಗಳು ಬಂತೆಂದರೆ ನಮ್ಮ ಪ್ರೌಢಶಾಲೆಗಳ ಕಚೇರಿಯಲ್ಲಿ ಮೇಜಿನ ಮೇಲೆ ಒಂದು ದೊಡ್ಡ ಕಾಗದ ಹರಡಿಕೊಳ್ಳುತ್ತದೆ. ಒಂದು ಕಡೆ ವಾರದ ಆರು ದಿನಗಳು, ಇನ್ನೊಂದು ಕಡೆ ಪೀರಿಯಡ್‌ಗಳು. ಪೆನ್ಸಿಲು ಮತ್ತು ರಬ್ಬರು ಹಿಡಿದ ಇಬ್ಬರು ಹಿರಿಯ ಶಿಕ್ಷಕರು ಎರಡು ದಿನ ಕುಳಿತು ಗಣಿತ, ವಿಜ್ಞಾನ, ಕನ್ನಡ, ಹಿಂದಿ ಎಂದು ಮನೆಗಳನ್ನು ತುಂಬಿಸುತ್ತಾರೆ. ಆದರೆ ಈ ಮನೆಗಳನ್ನು ತುಂಬಿಸುವ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಮೊದಲ ಗಂಟೆ ಎಷ್ಟಕ್ಕೆ? ಒಂದು ಪೀರಿಯಡ್ ಎಷ್ಟು ನಿಮಿಷ? ಊಟಕ್ಕೆ ಎಷ್ಟು ಹೊತ್ತು? ಹತ್ತನೆಯ ತರಗತಿಯ ವಿಶೇಷ ತರಗತಿಗಳು ಬೆಳಿಗ್ಗೆಯೋ ಸಂಜೆಯೋ? ಹೆಚ್ಚಿನ ವರ್ಷಗಳಲ್ಲಿ "ಕಳೆದ ವರ್ಷದ್ದೇ ಇರಲಿ" ಎಂದು ಮುಗಿದುಹೋಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಸ್ವಲ್ಪ ಇಳಿದ ವರ್ಷ ಮಾತ್ರ ಹೆತ್ತವರೂ ಆಡಳಿತ ಮಂಡಳಿಯೂ ಸಮಯ ಬದಲಿಸುವ ಮಾತೆತ್ತುತ್ತಾರೆ. ಅಂತಹ ಸಭೆಯಲ್ಲಿ ಕುಳಿತುಕೊಳ್ಳುವ ಸಂಚಾಲಕರು, ಮುಖ್ಯೋಪಾಧ್ಯಾಯರು, ಶಿಕ್ಷಕ-ರಕ್ಷಕ ಸಂಘದವರು ಮತ್ತು ಚರ್ಚ್ ಪಾಲನಾ ಮಂಡಳಿಯ ಸದಸ್ಯರಿಗಾಗಿ ಈ ಬರಹ.

ಕೋಟದ ಪರಿಸರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಊರಿನ ನಡುವೆ ರಾಷ್ಟ್ರೀಯ ಹೆದ್ದಾರಿ 66. ಪಶ್ಚಿಮಕ್ಕೆ ಪಡುಕರೆಯ ಕಡಲ ತೀರ, ಮೀನುಗಾರರ ಮನೆಗಳು. ಪೂರ್ವಕ್ಕೆ ಗಿಳಿಯಾರು, ಬನ್ನಾಡಿ, ವಡ್ಡರ್ಸೆ, ಸಾಯ್ಬ್ರಕಟ್ಟೆಯ ಕಡೆಗೆ ಹರಡಿದ ಗದ್ದೆ ಬಯಲು. ಇಲ್ಲಿನ ಮಕ್ಕಳು ಕೋಟದ ವಿವೇಕ ವಿದ್ಯಾಸಂಸ್ಥೆಗೂ ಸರಕಾರಿ ಪ್ರೌಢಶಾಲೆಗಳಿಗೂ ಹೋಗುತ್ತಾರೆ. ಹೆದ್ದಾರಿ ಹಿಡಿದು ಬ್ರಹ್ಮಾವರ, ಕುಂದಾಪುರದ ಶಾಲೆಗಳಿಗೂ ಹೋಗುತ್ತಾರೆ. ಪೇಟೆಯ ಹತ್ತಿರವಿರುವ ಮಗುವಿಗೆ ಒಂಬತ್ತೂವರೆಯ ಗಂಟೆ ಎಂದರೆ ಒಂಬತ್ತೂವರೆಯೇ. ಒಳಗಿನ ಊರಿನ ಮಗುವಿಗೆ ಅದು ಎಂಟು ಗಂಟೆಯ ಬಸ್ಸು. ಆ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆ ಮಾತ್ರ ಗೊತ್ತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೆ ನಮ್ಮ ಕರಾವಳಿಯ ಒಳದಾರಿಗಳಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸುಗಳೇ. ಎಂಟನೆಯ ತರಗತಿಯವರಿಗೆ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ವಿತರಣೆಯೂ ಕೋವಿಡ್ ವರ್ಷಗಳಲ್ಲಿ ನಿಂತಿತು. ಆದ್ದರಿಂದ ಶಾಲೆಯ ಗಂಟೆಯನ್ನು ಹದಿನೈದು ನಿಮಿಷ ಹಿಂದೆ ಎಳೆದರೆ ಕೆಲವು ಮಕ್ಕಳಿಗೆ ಹದಿನೈದು ನಿಮಿಷ ಹೋಗುತ್ತದೆ, ಇನ್ನು ಕೆಲವರಿಗೆ ಒಂದು ಗಂಟೆಯೇ ಹೋಗುತ್ತದೆ.

ವೇಳಾಪಟ್ಟಿಯ ಲೆಕ್ಕ ಶಾಲೆಯ ಗೇಟಿನಿಂದ ಆರಂಭವಾಗಬಾರದು. ಅತಿ ದೂರದ ಮಗುವಿನ ಮನೆಯ ಅಂಗಳದಿಂದ ಆರಂಭವಾಗಬೇಕು. ಇದು ಭಾವುಕತೆಯ ಮಾತಲ್ಲ. ಮುಂದೆ ಬರುವ ಎಲ್ಲ ಲೆಕ್ಕಗಳೂ ಇದರ ಮೇಲೆಯೇ ನಿಲ್ಲುತ್ತವೆ.

ಮೊದಲು ಕಾನೂನನ್ನು ನೋಡೋಣ. ಸರಕಾರಿ ಮತ್ತು ಅನುದಾನಿತ ಶಾಲೆಗಳು ಇಲಾಖೆ ಹಾಕಿದ ಚೌಕಟ್ಟಿನೊಳಗೇ ಇರಬೇಕಾಗುತ್ತದೆ. ಸಮಯ ಬದಲಿಸುವುದಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆದು ಒಪ್ಪಿಗೆ ಪಡೆಯಬೇಕು. ಅನುದಾನರಹಿತ ಶಾಲೆಗಳಿಗೆ ಸ್ವಲ್ಪ ಸ್ವಾತಂತ್ರ್ಯವಿದ್ದರೂ ಬೋಧನಾ ಅವಧಿಯ ವಿಷಯದಲ್ಲಿ ವಿನಾಯಿತಿ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳು ಮತ್ತು 1000 ಗಂಟೆ ಬೋಧನೆ ಇರಬೇಕು. ಶಿಕ್ಷಕರಿಗೆ ವಾರಕ್ಕೆ ಪಾಠದ ತಯಾರಿಯೂ ಸೇರಿ 45 ಗಂಟೆ. ನಮ್ಮ ಪ್ರೌಢಶಾಲೆಗಳಲ್ಲಿ ಎಂಟನೆಯ ತರಗತಿ ಇರುವುದರಿಂದ ಈ 1000 ಗಂಟೆ ನಮಗೂ ಅನ್ವಯಿಸುತ್ತದೆ. ಇದನ್ನು ಮರೆತು ಪಟ್ಟಿ ಮಾಡಿದ ಸಭೆಗಳನ್ನು ನಾನು ನೋಡಿದ್ದೇನೆ.

ಈಗ ಕಾಗದ ಪೆನ್ಸಿಲಿನ ಕೆಲಸ. ಬೆಳಿಗ್ಗೆ 9.30ಕ್ಕೆ ಆರಂಭವೆಂದು ಇಟ್ಟುಕೊಳ್ಳಿ. ಪ್ರಾರ್ಥನೆಗೆ 15 ನಿಮಿಷ, ಊಟಕ್ಕೆ 45, ಎರಡು ಸಣ್ಣ ಬಿಡುವುಗಳಿಗೆ 10 ನಿಮಿಷದಂತೆ 20. ಒಟ್ಟು 80 ನಿಮಿಷ ಪಾಠಕ್ಕೆ ಸಿಗುವುದಿಲ್ಲ. ಉಳಿದದ್ದನ್ನು ಸಾಮಾನ್ಯವಾಗಿ ಮೂರು ರೀತಿಯಲ್ಲಿ ಹಂಚಬಹುದು. 40 ನಿಮಿಷದ ಎಂಟು ಪೀರಿಯಡ್ ಇಟ್ಟರೆ ಶಾಲೆ 4.10ಕ್ಕೆ ಬಿಡುತ್ತದೆ. 45 ನಿಮಿಷದ ಏಳು ಇಟ್ಟರೆ 4.05ಕ್ಕೆ. 50 ನಿಮಿಷದ ಆರು ಇಟ್ಟರೆ 3.50ಕ್ಕೆ. ಶನಿವಾರದ ಬೆಳಗಿನ ಶಾಲೆಗೆ ಮೊದಲ ಕ್ರಮದಲ್ಲಿ ಐದು, ಉಳಿದೆರಡರಲ್ಲಿ ನಾಲ್ಕು ಪೀರಿಯಡ್ ಎಂದು ಹಿಡಿದರೆ ವಾರಕ್ಕೆ ಕ್ರಮವಾಗಿ 30 ಗಂಟೆ, 29 ಗಂಟೆ 15 ನಿಮಿಷ ಮತ್ತು 28 ಗಂಟೆ 20 ನಿಮಿಷ ಪಾಠ ಸಿಗುತ್ತದೆ. ವ್ಯತ್ಯಾಸ ದೊಡ್ಡದಲ್ಲವೆಂದು ತೋರುತ್ತದೆ.

ಆದರೆ ಪೀರಿಯಡ್‌ಗಳ ಸಂಖ್ಯೆಯನ್ನು ನೋಡಿ. ಮೊದಲನೆಯದರಲ್ಲಿ ವಾರಕ್ಕೆ 45, ಎರಡನೆಯದರಲ್ಲಿ 39, ಮೂರನೆಯದರಲ್ಲಿ 34. ಎಸ್.ಎಸ್.ಎಲ್.ಸಿ.ಗೆ ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಹೀಗೆ ಆರು ವಿಷಯ, 625 ಅಂಕ. ಆರು ವಿಷಯಗಳಿಗೆ ವಾರಕ್ಕೆ ಐದೈದು ಕೊಟ್ಟರೆ 30 ಆಯಿತು. 50 ನಿಮಿಷದ ಕ್ರಮದಲ್ಲಿ ಉಳಿಯುವುದು ಬರೇ ನಾಲ್ಕು. ದೈಹಿಕ ಶಿಕ್ಷಣ, ಚಿತ್ರಕಲೆ, ಗ್ರಂಥಾಲಯ, ಕಂಪ್ಯೂಟರ್, ಮೌಲ್ಯ ಶಿಕ್ಷಣ ಎಲ್ಲವೂ ಆ ನಾಲ್ಕರಲ್ಲಿ ಇಕ್ಕಟ್ಟಿಗೆ ಬೀಳಬೇಕು. ಗಣಿತಕ್ಕೆ ಇನ್ನೊಂದು ಬೇಕೆಂದು ಶಿಕ್ಷಕರು ಕೇಳಿದ ದಿನ ಮೊದಲು ಹೋಗುವುದು ಆಟದ ಪೀರಿಯಡ್. ಯಾರೂ ಅದನ್ನು ರದ್ದು ಮಾಡುವುದಿಲ್ಲ, ಪಟ್ಟಿಯಲ್ಲಿ "ಪಿ.ಟಿ." ಎಂದೇ ಇರುತ್ತದೆ, ಒಳಗೆ ಬೀಜಗಣಿತ ನಡೆಯುತ್ತಿರುತ್ತದೆ.

2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎಂಟನೆಯವರೆಗೆ 40 ನಿಮಿಷ, ಒಂಬತ್ತರಿಂದ ಮೇಲೆ 50 ನಿಮಿಷದ ಅವಧಿಯನ್ನು ಸೂಚಿಸಿದೆ. ಪ್ರಯೋಗ ಮಾಡಿಸಿ, ಚರ್ಚೆ ನಡೆಸಿ ಕಲಿಸಲು ಉದ್ದದ ಅವಧಿ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಮಳೆಗಾಲ ಈ ಲೆಕ್ಕವನ್ನು ಬೇರೆ ಮಾಡುತ್ತದೆ. ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸುವುದು ಉಡುಪಿ ಜಿಲ್ಲೆಯಲ್ಲಿ ಪ್ರತಿ ವರ್ಷದ ಸಂಗತಿ. 220 ದಿನವೆಂದರೆ ಆರು ದಿನದ ಸುಮಾರು 36 ವಾರಗಳು ಮತ್ತು ಇನ್ನು ನಾಲ್ಕು ದಿನ. 50 ನಿಮಿಷದ ಕ್ರಮದಲ್ಲಿ ವರ್ಷಕ್ಕೆ ಸುಮಾರು 1039 ಗಂಟೆ ಸಿಗುತ್ತದೆ. ವಾರದ ನಡುವಿನ ಹತ್ತು ದಿನ ಮಳೆಗೆ ಹೋದರೆ 50 ಗಂಟೆ ಕಳೆದು 989ಕ್ಕೆ ಇಳಿಯುತ್ತದೆ. ಕಾನೂನಿನ ಗೆರೆಗಿಂತ ಕೆಳಗೆ. 45 ನಿಮಿಷದ ಏಳು ಪೀರಿಯಡ್‌ಗಳಲ್ಲಿ ಅದೇ ಹತ್ತು ದಿನ ಹೋದರೂ 1020ರ ಹತ್ತಿರ ಉಳಿಯುತ್ತದೆ. ರಜೆಯ ದಿನಗಳನ್ನು ಶನಿವಾರ ಮಧ್ಯಾಹ್ನ ತರಗತಿ ನಡೆಸಿ ತುಂಬಿಸಿಕೊಳ್ಳುತ್ತೇವೆ, ನಿಜ. ಆದರೆ ತುಂಬಿಸಿಕೊಳ್ಳಲೇಬೇಕಾದ ಇಕ್ಕಟ್ಟಿಗೆ ಬಿದ್ದ ಶಾಲೆಗೂ, ಸ್ವಲ್ಪ ಉಸಿರಾಡಲು ಜಾಗವಿರುವ ಶಾಲೆಗೂ ವ್ಯತ್ಯಾಸವಿದೆ. ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಪ್ರೌಢಶಾಲೆಗೆ ಏಳು ಪೀರಿಯಡ್‌ಗಳ ಕ್ರಮವೇ ಹೊಂದುವುದು. ವಿಜ್ಞಾನಕ್ಕೆ ವಾರಕ್ಕೊಮ್ಮೆ ಎರಡು ಪೀರಿಯಡ್ ಜೋಡಿಸಿ ಕೊಟ್ಟರೆ ಪ್ರಯೋಗದ ಕೊರತೆಯೂ ನೀಗುತ್ತದೆ.

ಊಟದ ಬಿಡುವಿನ ಬಗ್ಗೆ ಒಂದು ಮಾತು. ಸಮಯ ಉಳಿಸಲು ಮೊದಲು ಕತ್ತರಿ ಹಾಕುವುದು ಇದಕ್ಕೇ. ಬಿಸಿಯೂಟವಿರುವ ಶಾಲೆಯಲ್ಲಿ ಮುನ್ನೂರು ಮಕ್ಕಳು ಸಾಲಿನಲ್ಲಿ ನಿಂತು ಬಡಿಸಿಕೊಂಡು, ಉಂಡು, ತಟ್ಟೆ ತೊಳೆದು ಬರಲು 30 ನಿಮಿಷ ಸಾಲದು. ಕೊನೆಯ ಸಾಲಿನವರು ಅರ್ಧ ಉಂಡು ಏಳುತ್ತಾರೆ. 2019ರಲ್ಲಿ ಕೇರಳದ ಶಾಲೆಗಳಿಂದ ಆರಂಭವಾಗಿ ನಮ್ಮಲ್ಲಿಗೂ ಬಂದ "ವಾಟರ್ ಬೆಲ್" ನೆನಪಿರಬಹುದು: ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ. ಅದರ ಹಿಂದಿದ್ದ ಸತ್ಯವೆಂದರೆ ಬಿಡುವು ಚಿಕ್ಕದಾದರೆ ಹೆಣ್ಣುಮಕ್ಕಳು ಶೌಚಾಲಯದ ಸಾಲಿಗೆ ಹೆದರಿ ನೀರನ್ನೇ ಕುಡಿಯುವುದಿಲ್ಲ. ಸಣ್ಣ ಬಿಡುವನ್ನು ಐದು ನಿಮಿಷಕ್ಕೆ ಇಳಿಸುವ ಮೊದಲು ಶಾಲೆಯಲ್ಲಿ ಎಷ್ಟು ಶೌಚಾಲಯಗಳಿವೆ ಎಂದು ಎಣಿಸಿ ಬನ್ನಿ.

ಇನ್ನು ನಿಜವಾದ ಜಗಳದ ವಿಷಯ: ಹತ್ತನೆಯವರ ವಿಶೇಷ ತರಗತಿ. ನಮ್ಮ ಎರಡು ಜಿಲ್ಲೆಗಳಿಗೆ ಫಲಿತಾಂಶದ ಹೆಮ್ಮೆ ಇದೆ. 2024ರಲ್ಲಿ ಉಡುಪಿ ರಾಜ್ಯಕ್ಕೆ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ. 2025ರಲ್ಲಿ ಇದೇ ಅದಲುಬದಲಾಯಿತು. ಈ ಹೆಮ್ಮೆಯ ಒಂದು ಭಾಗವನ್ನು ಬೆಳಗಿನ ಎಂಟು ಗಂಟೆಯ ಬೆಂಚುಗಳಲ್ಲಿ ಕುಳಿತ ಮಕ್ಕಳು ತೆತ್ತಿದ್ದಾರೆ. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ಆಡಳಿತದಲ್ಲಿ ನಾನೂ ಇದ್ದೆ. ಹತ್ತನೆಯವರಿಗೆ 8.15ಕ್ಕೆ ವಿಶೇಷ ತರಗತಿ ಎಂದು ನಾವು ತೀರ್ಮಾನಿಸಿದೆವು, ನಾನೂ ಕೈ ಎತ್ತಿದೆ. ಒಬ್ಬ ಹುಡುಗಿ ವಾರಕ್ಕೆ ಮೂರು ದಿನ ತಡವಾಗಿ ಬಂದು ಹೊರಗೆ ನಿಲ್ಲುತ್ತಿದ್ದಳು. ಸೋಮಾರಿ ಎಂದೇ ಎಲ್ಲರ ತೀರ್ಮಾನ. ಶಾಲೆಯ ಅಡುಗೆಯವರೊಬ್ಬರು ಹೇಳಿದ ಮೇಲೆಯೇ ವಿಷಯ ತಿಳಿದದ್ದು: ತಾಯಿ ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹಿಡಿದು ಬಂದರಿಗೆ ಹೋಗುತ್ತಾರೆ, ತಮ್ಮ ತಂಗಿಯರಿಗೆ ಗಂಜಿ ಬೇಯಿಸಿ, ತಾನು ಏನೂ ತಿನ್ನದೆ ಈಕೆ ಬಸ್ಸಿಗೆ ಓಡಿ ಬರುತ್ತಾಳೆ. ನಾವು ಯಾರೂ ಕೇಳಿರಲಿಲ್ಲ. ಆ ವರ್ಷ ಆ ತರಗತಿಯನ್ನು ಸಂಜೆಗೆ ಬದಲಿಸುವಷ್ಟರಲ್ಲಿ ಜನವರಿ ಬಂದಿತ್ತು.

ಜನವರಿ ಎಂದಾಗ ನೆನಪಿಡಬೇಕಾದ ಒಂದು ಸಂಗತಿ ಇದೆ. ನಮ್ಮ ಕರಾವಳಿಯಲ್ಲಿ ಸೂರ್ಯ ವರ್ಷದಲ್ಲೇ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಹೊತ್ತಿಗೆ, ಸುಮಾರು ಏಳು ಗಂಟೆಗೆ. ಪರೀಕ್ಷೆಯ ಅವಸರದಲ್ಲಿ ನಾವು ಮಕ್ಕಳನ್ನು ಬೇಗ ಕರೆಸುವುದೂ ಅದೇ ತಿಂಗಳಲ್ಲಿ. ಇತ್ತ ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲಾಗುತ್ತದೆ. ಸಂಜೆ 5.30ರವರೆಗೆ ತರಗತಿ ಇಟ್ಟರೆ ಹೆದ್ದಾರಿ ದಾಟಿ, ಬಸ್ಸು ಕಾದು, ಗದ್ದೆಯ ಅಂಚಿನಲ್ಲಿ ಮನೆಗೆ ನಡೆಯುವ ಹುಡುಗಿ ಕತ್ತಲಲ್ಲೇ ನಡೆಯಬೇಕು.

ಬೆಳೆಯುವ ಮಕ್ಕಳ ನಿದ್ದೆಯ ಬಗ್ಗೆ ವೈದ್ಯರು ಹೇಳುವುದನ್ನೂ ಕೇಳಬೇಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ತಜ್ಞರ ಸಂಘಟನೆಯ ಸಲಹೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಮುಂದಕ್ಕೆ ಸರಿಯುವುದರಿಂದ ಅವರಿಗೆ ರಾತ್ರಿ ನಿದ್ದೆ ಬರುವುದೂ ತಡ, ಎಚ್ಚರವಾಗುವುದೂ ತಡ. ಸಿಯಾಟಲ್ ನಗರದಲ್ಲಿ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಮುಂದೂಡಿದಾಗ ಮಕ್ಕಳು ದಿನಕ್ಕೆ ಸುಮಾರು 34 ನಿಮಿಷ ಹೆಚ್ಚು ನಿದ್ರಿಸಿದ್ದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ತಡವಾಗಿ ಆರಂಭಿಸಿದರೆ ಮಕ್ಕಳು ರಾತ್ರಿ ಇನ್ನಷ್ಟು ತಡವಾಗಿ ಮಲಗುತ್ತಾರೆ ಎಂಬ ಹೆದರಿಕೆ ಅಲ್ಲಿ ನಿಜವಾಗಲಿಲ್ಲ. ನಮ್ಮ ಒಂಬತ್ತೂವರೆ ಈ ದೃಷ್ಟಿಯಿಂದ ಒಳ್ಳೆಯ ಸಮಯವೇ. ಅದನ್ನು ಹಾಳು ಮಾಡುವುದು ಅದರ ಮುಂದೆ ನಾವು ಜೋಡಿಸುವ ಟ್ಯೂಷನ್ ಮತ್ತು ವಿಶೇಷ ತರಗತಿಗಳು.

ಬೇರೆಡೆ ನಡೆದದ್ದರಿಂದಲೂ ಕಲಿಯುವುದಿದೆ. 2023ರಲ್ಲಿ ಬೆಂಗಳೂರಿನ ವಾಹನ ದಟ್ಟಣೆಯ ಪ್ರಕರಣದಲ್ಲಿ ಶಾಲಾ ಸಮಯ ಬದಲಿಸುವುದನ್ನು ಪರಿಶೀಲಿಸಲು ಹೈಕೋರ್ಟ್ ಸೂಚಿಸಿತ್ತು. ಇಲಾಖೆ ಅಕ್ಟೋಬರಿನಲ್ಲಿ ಸಭೆ ಕರೆದಾಗ ಶಾಲೆಗಳವರು ಮತ್ತು ಹೆತ್ತವರು ಒಪ್ಪಲಿಲ್ಲ, ಹಳೆಯ ಸಮಯವೇ ಉಳಿಯಿತು. ಕೇರಳದಲ್ಲಿ 2025ರ ಜೂನ್‌ನಿಂದ ಎಂಟರಿಂದ ಹತ್ತನೆಯ ತರಗತಿಗೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 15, ಸಂಜೆ 15 ನಿಮಿಷ ಸೇರಿಸಿ 9.45ರಿಂದ 4.15 ಎಂದು ಮಾಡಲಾಯಿತು. ವರ್ಷಕ್ಕೆ 1100 ಗಂಟೆ ತುಂಬಿಸುವುದು ಉದ್ದೇಶ. ಬೆಳಗಿನ ಮದ್ರಸಾ ಪಾಠಕ್ಕೆ ತೊಂದರೆಯಾಗುತ್ತದೆಂದು ಸಮಸ್ತ ಸಂಘಟನೆ ಆಕ್ಷೇಪಿಸಿತು, ಮಾತುಕತೆ ನಡೆಯಿತು, ಸರಕಾರ ಆ ವರ್ಷ ಸಮಯ ಬದಲಿಸಲಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ವ್ಯವಸ್ಥೆಯೊಳಗೇ ಇದ್ದಾರೆ. ಆಕ್ಷೇಪವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಹದಿನೈದು ನಿಮಿಷಕ್ಕೆ ಇಷ್ಟು ಗದ್ದಲವೇ ಎಂದು ನಗುವವರು ಮಾತ್ರ ನಮ್ಮ ಆದಿತ್ಯವಾರವನ್ನು ನೆನಪಿಸಿಕೊಳ್ಳಲಿ. ವಿಶೇಷ ತರಗತಿ ಆದಿತ್ಯವಾರ ಬೆಳಿಗ್ಗೆ ಇಟ್ಟಾಗ ಪೂಜೆ, ಧರ್ಮಶಿಕ್ಷಣ ತಪ್ಪಿತೆಂದು ನಮ್ಮ ವಾಳೆಯ ಗುರಿಕಾರರೇ ಮೊದಲು ದೂರು ತರುವುದು. ಸಂಜೆ ಯಕ್ಷಶಿಕ್ಷಣ ಟ್ರಸ್ಟಿನ ತರಗತಿಯಲ್ಲಿ ಹೆಜ್ಜೆ ಕಲಿಯುವ ಮಕ್ಕಳಿಗೂ, ಕಟಾವಿನ ದಿನಗಳಲ್ಲಿ ಗದ್ದೆಗೆ ಇಳಿಯುವ ಮನೆಯವರಿಗೂ ಇದೇ ರೀತಿಯ ಲೆಕ್ಕವಿದೆ.

ಹಾಗಾದರೆ ಏನು ಮಾಡಬಹುದು? ಹೆಚ್ಚುವರಿ ಪಾಠವನ್ನು ದಿನದ ಒಳಗೇ ತರಬೇಕು. 39 ಪೀರಿಯಡ್‌ಗಳಲ್ಲಿ ಆರು ವಿಷಯಗಳಿಗೆ ಐದೈದರಂತೆ 30, ಗಣಿತ, ವಿಜ್ಞಾನ, ಇಂಗ್ಲಿಷಿಗೆ ಇನ್ನೊಂದೊಂದು ಸೇರಿ 33. ಉಳಿದ ಆರರಲ್ಲಿ ಎರಡು ಆಟಕ್ಕೆ. ಅದನ್ನು ಯಾರೂ ಮುಟ್ಟಬಾರದು ಎಂದು ಸಭೆಯ ನಡಾವಳಿಯಲ್ಲೇ ಬರೆಯಿರಿ. ಹತ್ತನೆಯವರಿಗೆ ಅಕ್ಟೋಬರಿನ ನಂತರ 4.10ರಿಂದ 4.50ರವರೆಗೆ ಒಂದು ತರಗತಿ, ವಾರಕ್ಕೆ ನಾಲ್ಕೇ ದಿನ. ಎಲ್ಲರಿಗೂ ಅಲ್ಲ, ಆ ವಿಷಯದಲ್ಲಿ ಹಿಂದುಳಿದವರಿಗೆ ಮಾತ್ರ. 90 ಅಂಕ ತೆಗೆಯುವ ಹುಡುಗನನ್ನು 95ಕ್ಕೆ ಏರಿಸಲು ಇಡೀ ತರಗತಿಯನ್ನು ಕೂಡಿಹಾಕುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅದರಿಂದ ಲಾಭವಾಗುವುದು ಫ್ಲೆಕ್ಸ್ ಬೋರ್ಡಿನವನಿಗೆ.

ಸಭೆಗೆ ಒಂದು ವಾರ ಮೊದಲು ಪ್ರತಿ ಮಗುವಿಗೆ ಒಂದು ಚೀಟಿ ಕೊಡಿ. ಎಷ್ಟು ಗಂಟೆಗೆ ಏಳುತ್ತೀ, ಎಷ್ಟಕ್ಕೆ ಮನೆ ಬಿಡುತ್ತೀ, ಬೆಳಿಗ್ಗೆ ತಿಂಡಿ ತಿಂದು ಬರುತ್ತೀಯಾ, ಸಂಜೆ ಮನೆ ಮುಟ್ಟುವುದು ಯಾವಾಗ? ನಾಲ್ಕೇ ಪ್ರಶ್ನೆ. ಹೆಸರು ಬೇಡ, ಊರು ಸಾಕು. ಅವುಗಳಲ್ಲಿ ಅತಿ ಬೇಗ ಮನೆ ಬಿಡುವ ಹತ್ತು ಮಕ್ಕಳ ಚೀಟಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಚರ್ಚೆ ಆರಂಭಿಸಿ. ತೀರ್ಮಾನವನ್ನು ಮೊದಲ ಅವಧಿಗೆ, ದಸರಾ ರಜೆಯವರೆಗೆ ಮಾತ್ರ ಮಾಡಿ. ಆಮೇಲೆ ಅದೇ ಚೀಟಿ ಮತ್ತೊಮ್ಮೆ ಕೊಡಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯುವ ಪತ್ರದ ಒಂದು ಪ್ರತಿಯನ್ನು ಆ ದಾರಿಯ ಬಸ್ಸಿನ ಮಾಲಕರಿಗೂ ತಲುಪಿಸಿ. ಶಾಲೆ ಐದು ನಿಮಿಷ ಬೇಗ ಬಿಟ್ಟರೂ ಅವರ ಬಸ್ಸು ಐದು ನಿಮಿಷ ಮೊದಲೇ ಹೊರಟುಹೋದರೆ ಪ್ರಯೋಜನವಿಲ್ಲ.