ಕೆಂಡದ ಮೇಲೆ ರೆಕ್ಕೆಗೆ ಗರಿ

ಹೋದ ಬೇಸಿಗೆಯಲ್ಲಿ ಷಿಕಾಗೊ ಹತ್ತಿರದ ತಮ್ಮನ ಮನೆಗೆ ಹೋಗಿದ್ದಾಗ, ಹಾಲು ತೆಗೆಯಲೆಂದು ಫ್ರಿಜ್ಜಿನ ಬಾಗಿಲು ಎಳೆದವಳು ಹಾಗೇ ನಿಂತೆ. ಕೆಳಗಿನ ಅರೆಯಲ್ಲಿದ್ದ ತರಕಾರಿಯೆಲ್ಲ ಎತ್ತಂಗಡಿಯಾಗಿತ್ತು. ಆ ಜಾಗದಲ್ಲಿ ತಂತಿ ಜಾಲರಿಯ ಮೇಲೆ ನಲವತ್ತು ಐವತ್ತು ಕೋಳಿ ರೆಕ್ಕೆಯ ತುಂಡುಗಳು ಒಂದಕ್ಕೊಂದು ತಾಗದಂತೆ ಸಾಲಾಗಿ ಮಲಗಿದ್ದವು. ಮೇಲೊಂದು ಮುಚ್ಚಳವಿಲ್ಲ, ಹೊದಿಕೆಯಿಲ್ಲ.

‘ಏನಾದ್ರೂ ಮುಚ್ಚಬಾರದೇನೋ?’ ಅಂದೆ.

‘ಮುಚ್ಚಬೇಡ ಅಕ್ಕಾ, ಒಣಗ್ತಾ ಇದೆ. ನೀನು ತಾರಸಿ ಮೇಲೆ ಸಂಡಿಗೆ ಒಣಹಾಕಲ್ವಾ, ಇದೂ ಹಾಗೇ’ ಅಂದ.

ಕೋಳಿಗೂ ಸಂಡಿಗೆಗೂ ಗಂಟು ಹಾಕುತ್ತಾನಲ್ಲ ಎಂದು ನಕ್ಕಿದ್ದೆ. ಮಾರನೆಯ ಸಂಜೆ ಹಿತ್ತಿಲಿನ ಕೆಂಡದಿಂದ ಇಳಿದ ಮೊದಲ ತುಂಡನ್ನು ಕಚ್ಚಿದಾಗ ಹಪ್ಪಳ ಮುರಿದ ಸದ್ದೇ ಬಂತು. ಎಣ್ಣೆಯ ಬಾಣಲೆ ಕಾಣದ ಕೋಳಿ ಹೀಗೆ ಗರಿಗರಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆ ರೆಕ್ಕೆಯ ಜಾಗ ಸಾರಿನ ಪಾತ್ರೆ. ತೊಡೆ ಅಳಿಯನಿಗೆ, ಈಲಿ ಯಜಮಾನರಿಗೆ, ರೆಕ್ಕೆ ಯಾರ ತಟ್ಟೆಗೆ ಬಿದ್ದರೂ ಯಾರೂ ಜಗಳವಾಡುವುದಿಲ್ಲ. ಅಮೆರಿಕದಲ್ಲೂ ಬಹುಕಾಲ ಅದು ಸೂಪಿನ ಪಾಲಿನದೇ ಆಗಿತ್ತು. ಅದಕ್ಕೆ ದೆಸೆ ತಿರುಗಿದ್ದು 1964ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಆ್ಯಂಕರ್ ಬಾರ್‌ನಲ್ಲಿ. (ಊರಿನ ಹೆಸರಿನಿಂದ ‘ಬಫಲೋ ವಿಂಗ್ಸ್’ ಆಯಿತು. ಕೋಳಿಗೆ ರೆಕ್ಕೆ ಸರಿ, ಎಮ್ಮೆಗೆಲ್ಲಿಯದು ಎಂದು ನಮ್ಮವರು ಮೊದಲ ಸಲ ಬೆಚ್ಚುವುದುಂಟು.) ಒಡತಿ ಟೆರೆಸಾ ಬೆಲ್ಲಿಸಿಮೊ ರೆಕ್ಕೆಗಳನ್ನು ಎಣ್ಣೆಯಲ್ಲಿ ಕರಿದು, ಖಾರದ ಸಾಸಿನಲ್ಲಿ ಹೊರಳಿಸಿ, ಪಕ್ಕಕ್ಕೆ ಸೆಲರಿ ದಂಟು, ಬ್ಲೂ ಚೀಸ್ ಇಟ್ಟು ಕೊಟ್ಟರು. ಅದು ಹೇಗೆ ಹುಟ್ಟಿತೆಂಬುದಕ್ಕೆ ಆ ಮನೆಯಲ್ಲೇ ಒಮ್ಮತವಿರಲಿಲ್ಲ. ಅಂಗಡಿಯವನು ತಪ್ಪಿ ರೆಕ್ಕೆ ಕಳಿಸಿದ್ದರಿಂದ ಎಂದರು ಗಂಡ. ಶುಕ್ರವಾರ ನಡುರಾತ್ರಿ ಹಸಿದವರಿಗಾಗಿ ಎಂದ ಮಗ. ಅದೇ ಊರಿನಲ್ಲಿ ಜಾನ್ ಯಂಗ್ ಎಂಬ ಕಪ್ಪು ಜನಾಂಗದ ವ್ಯಾಪಾರಿ ಕೂಡ ಆ ಕಾಲಕ್ಕೇ ಇಡೀ ರೆಕ್ಕೆಗೆ ಹಿಟ್ಟು ಹಚ್ಚಿ ಕರಿದು ತಮ್ಮದೇ ಸಾಸಿನೊಂದಿಗೆ ಮಾರುತ್ತಿದ್ದರು. ಲೇಖಕ ಕ್ಯಾಲ್ವಿನ್ ಟ್ರಿಲಿನ್ 1980ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಗೆ ಈ ಚರಿತ್ರೆ ಬರೆಯಹೊರಟು, ಎಲ್ಲರ ಮಾತನ್ನೂ ದಾಖಲಿಸಿ ಕೈತೊಳೆದುಕೊಂಡರು. ಇವತ್ತು ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ಹೊತ್ತಿಗೆ ಆ ದೇಶ ತಿನ್ನುವುದು 140 ಕೋಟಿಗೂ ಹೆಚ್ಚು ರೆಕ್ಕೆ ಎಂದು ಅಲ್ಲಿನ ಕೋಳಿ ಉದ್ಯಮದ ಮಂಡಳಿಯೇ ಅಂದಾಜು ಕೊಡುತ್ತದೆ.

ಅದೆಲ್ಲ ಕರಿದ ರೆಕ್ಕೆಯ ಕಥೆ. ಹಿತ್ತಿಲಿನ ಕಥೆಯೇ ಬೇರೆ, ಅದರ ನಾಯಕ ಒಂದು ಮುಚ್ಚಳ. ಷಿಕಾಗೊದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ನನಿಗೆ ತೆರೆದ ಒಲೆಯ ಮೇಲೆ ಮಾಂಸ ಸುಡುವುದೆಂದರೆ ಗಾಳಿ, ಬೂದಿಗಳ ಕಾಟ. ಅವನ ಕಾರ್ಖಾನೆಯಲ್ಲಿ ಹಡಗುಗಳಿಗೆ ದಾರಿ ತೋರಲು ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳಗಳು ತಯಾರಾಗುತ್ತಿದ್ದವು. 1952ರಲ್ಲಿ ಅಂಥದೊಂದನ್ನು ಅರ್ಧಕ್ಕೆ ಕತ್ತರಿಸಿ ಕೆಳಗಿನದಕ್ಕೆ ಕಾಲು, ಮೇಲಿನದಕ್ಕೆ ಹಿಡಿ ಬೆಸೆದ. ಗಾಳಿಕಿಂಡಿಗಳನ್ನಿಟ್ಟ. ನಮ್ಮ ಅಗ್ಗಿಷ್ಟಿಕೆಗೆ ಗುಂಡನೆಯ ಮುಚ್ಚಳ ಬಂದರೆ ಹೇಗೋ ಹಾಗೆ. ಕೆಂಡದ ಒಲೆ ಅಲ್ಲಿಗೆ ಒವನ್ ಕೂಡ ಆಯಿತು. ತಮ್ಮನ ಹಿತ್ತಿಲಲ್ಲಿರುವುದೂ ಅದೇ ಕೆಟಲ್ ಗ್ರಿಲ್. ಅದರ ಪಕ್ಕದಲ್ಲಿ ಪೀಪಾಯಿಯಂಥ ಸ್ಮೋಕರ್ ಒಂದು ಹೊದಿಕೆ ಹೊದ್ದು ನಿಂತಿದೆ.

ಸ್ಮೋಕರ್ ಹೊದಿಕೆ ಹೊದ್ದದ್ದಕ್ಕೆ ಕಾರಣವುಂಟು. ಮೊದಲ ವರ್ಷ ಅವನು ರೆಕ್ಕೆ ಮಾಡಿದ್ದು ಅದರಲ್ಲೇ. ಅಮೆರಿಕದ ಹೊಗೆಯಡುಗೆಯವರ ಮಂತ್ರ ‘ಸಣ್ಣ ಉರಿ, ತುಂಬ ಹೊತ್ತು’. 107ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ. ದನದ, ಹಂದಿಯ ದಪ್ಪ ತುಂಡುಗಳಿಗೆ ಅದು ಸರಿ. ರೆಕ್ಕೆಗಳು ಎರಡು ಗಂಟೆಯ ನಂತರ ಜೇನಿನ ಬಣ್ಣ, ಹಿಕರಿ ಕಟ್ಟಿಗೆಯ ಘಮ ಹೊತ್ತು ಹೊರಬಂದವಂತೆ. ಕಚ್ಚಿದರೆ ತೊಗಲು ಹರಿಯಲಿಲ್ಲ, ರಬ್ಬರಿನಂತೆ ಇಡಿಯಾಗಿ ಕಿತ್ತುಬಂತು. ಅತಿಥಿಗಳು ಮರ್ಯಾದಸ್ಥರು, ಹೊಗಳಿದರು. ತಟ್ಟೆಯ ಅಂಚಿನಲ್ಲಿ ಮಾತ್ರ ತೊಗಲಿನ ಗುಡ್ಡೆ.

ತಪ್ಪು ಯಂತ್ರದ್ದಲ್ಲ. ರೆಕ್ಕೆಯೆಂದರೆ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಬಂಡಿ. ಒಳಗಿನ ಮಾಂಸ ನಿಧಾನ ಕೇಳುತ್ತದೆ, ಮೇಲಿನ ತೊಗಲು ಬಿರುಸು ಕೇಳುತ್ತದೆ. ತೊಗಲಿನಲ್ಲಿರುವುದು ನೀರು, ಕೊಬ್ಬು, ಕೊಲಾಜನ್ ಎಂಬ ನಾರು. ಮೇಲ್ಮೈಯಲ್ಲಿ ನೀರು ಇರುವ ತನಕ ಅದರ ಬಿಸಿ 100 ಡಿಗ್ರಿಯ ಆಚೆ ಏರಲಾರದು. ಕೆಂಪಾಗಿ ಘಮ ಹೊಮ್ಮಲು 140 ಡಿಗ್ರಿಯಾದರೂ ಬೇಕು. ಹಾಗಾಗಿ ಸಣ್ಣ ಉರಿಯಲ್ಲಿ ತೊಗಲು ಬೇಯುತ್ತದೆ, ಹುರಿಯುವುದಿಲ್ಲ. ಗರಿ ಬರುವುದು ಬೆಂಕಿಯಿಂದಲೆಂದು ನಾವು ತಿಳಿದಿದ್ದೇವೆ. ನೀರು ಹೋಗದೆ ಬೆಂಕಿ ಏನೂ ಮಾಡಲಾರದು. ಅರೆ ಒಣಗಿದ ಸಂಡಿಗೆಯನ್ನು ಎಣ್ಣೆಗೆ ಬಿಟ್ಟು ಪೆಚ್ಚಾದ ಯಾವ ಗೃಹಿಣಿಯೂ ಇದನ್ನು ವಿವರಿಸಬಲ್ಲಳು.

ಅದಕ್ಕೇ ಹಿಂದಿನ ದಿನದ ಕೆಲಸ. ಇಡೀ ರೆಕ್ಕೆಗೆ ಮೂರು ಭಾಗ: ಭುಜದ ಕಡೆಯ ಒಂದೇ ಮೂಳೆಯ ತುಂಡು, ಜೋಡಿ ಮೂಳೆಯ ಚಪ್ಪಟೆ ತುಂಡು, ಮಾಂಸವಿಲ್ಲದ ತುದಿ. ನಮ್ಮ ತೋಳಿನ ಲೆಕ್ಕವೇ. ಕೀಲಿಗೆ ಚಾಕು ಇಟ್ಟರೆ ಮೂಳೆ ತಾಗದೆ ಬಿಡುತ್ತದೆ. ತುದಿ ಸಾರಿಗೆ. ಉಳಿದದ್ದನ್ನು ಬಟ್ಟೆಯಿಂದಲೋ ಕಾಗದದಿಂದಲೋ ಒತ್ತಿ ಒತ್ತಿ ಪಸೆ ತೆಗೆಯಬೇಕು. ಕೋಳಿಯನ್ನು ತೊಳೆಯಬೇಡಿ, ರೋಗಾಣು ಸಿಂಕಿಗೆಲ್ಲ ಸಿಡಿಯುತ್ತದೆ ಎನ್ನುತ್ತಾರೆ ಅಲ್ಲಿಯವರು. ನಮ್ಮ ಕೈ ಅದಕ್ಕೆ ಒಪ್ಪುವುದಿಲ್ಲ. ತೊಳೆದವರು ಒರೆಸುವುದಕ್ಕೆ ಎರಡರಷ್ಟು ಶ್ರಮ ಪಡಬೇಕು, ಅಷ್ಟೇ. ಆಮೇಲೆ 1 ಕಿಲೋ ತುಂಡುಗಳಿಗೆ 2 ಟೀ ಚಮಚ ಬೇಕಿಂಗ್ ಪೌಡರ್, 1 ಟೀ ಚಮಚ ಪುಡಿ ಉಪ್ಪು, ಮೆಣಸಿನ ಪುಡಿ ಬೆರೆಸಿ ತೆಳ್ಳಗೆ ಸವರಿ, ಒಂದು ರಾತ್ರಿ ಫ್ರಿಜ್ಜಿನ ಒಣ ತಂಪಿಗೆ ಬಿಡಬೇಕು. ಬೆಳಗ್ಗೆ ಮುಟ್ಟಿ ನೋಡಿದೆ. ತೊಗಲು ಬಿಗಿದು, ಹಳೆಯ ಚರ್ಮಕಾಗದದಂತೆ ಒರಟಾಗಿತ್ತು.

ಬೇಕಿಂಗ್ ಪೌಡರಿನ ಕೆಲಸ ಎರಡು. ಅದರ ತುಸು ಕ್ಷಾರಗುಣದಿಂದ ತೊಗಲು ಬೇಗ ಕೆಂಪಾಗುತ್ತದೆ. ಸೋಡಾ ಹೆಚ್ಚಾದ ಬಜ್ಜಿ ಕಂಡವರಿಗೆ ಇದು ಹೊಸದಲ್ಲ. ಜೊತೆಗೆ ಸಣ್ಣ ಸಣ್ಣ ಗುಳ್ಳೆಗಳೆದ್ದು ಮೇಲ್ಮೈ ತರಿತರಿಯಾಗಿ, ಮುರಿಯುವ ಸದ್ದು ಹೆಚ್ಚುತ್ತದೆ. ಹಾಗೆಂದು ಡಬ್ಬದಲ್ಲಿರುವ ಅಡುಗೆ ಸೋಡಾವನ್ನೇ ಅಷ್ಟು ಅಳತೆಗೆ ಹಾಕಿಬಿಟ್ಟೀರಿ! ಸಾಬೂನು ನೆಕ್ಕಿದಂತಾಗುತ್ತದೆ.

ಸಂಜೆ ಐದಕ್ಕೆ ಇದ್ದಲು ಹೊತ್ತಿಸಿದ. ಕೆಂಡವನ್ನು ಗ್ರಿಲ್ಲಿನ ಒಳಗೆಲ್ಲ ಹರಡಲಿಲ್ಲ. ಬುಡ ತುದಿ ಎರಡೂ ತೆರೆದ ಉಕ್ಕಿನ ಶಂಕುವೊಂದನ್ನು ನಟ್ಟನಡುವೆ ಇಟ್ಟು ಅದರೊಳಗೆ ಸುರಿದ. ರೆಕ್ಕೆಗಳನ್ನು ಜಾಲರಿಯ ಅಂಚಿಗೆ, ಊರ ಪಂಚಾಯ್ತಿಗೆ ಜನ ಸುತ್ತ ಕೂತಂತೆ ಜೋಡಿಸಿದ. ನಡುವಿನ ಕಾವು ಮೇಲೆದ್ದು, ಮುಚ್ಚಳದ ಗುಮ್ಮಟಕ್ಕೆ ತಾಗಿ, ಸುತ್ತಲೂ ಇಳಿಯುತ್ತದೆ. ತೊಟ್ಟಿಕ್ಕುವ ಕೊಬ್ಬು ಕೆಂಡಕ್ಕೆ ಬೀಳುವುದಿಲ್ಲವಾದ್ದರಿಂದ ಜ್ವಾಲೆ ಭಗ್ಗೆಂದು ಎದ್ದು ಕರಕಲಾಗುವ ಭಯವಿಲ್ಲ. ಹೊಗೆಗೆಂದು ಸೇಬಿನ ಮರದ ಒಂದೇ ಒಂದು ತುಂಡು. ಕಿಂಡಿಗಳು ಪೂರ್ತಿ ತೆರೆದಿದ್ದವು, ಆವಿ ಹೊರಹೋಗಬೇಕಲ್ಲ. 230 ಡಿಗ್ರಿ ಆಸುಪಾಸಿನಲ್ಲಿ ನಲವತ್ತು ನಿಮಿಷ. ಮೊದಲು ಜಿಟಿಜಿಟಿ ಎನ್ನುತ್ತಿದ್ದ ಸದ್ದು ಕೊನೆಕೊನೆಗೆ ತೆಳುವಾಗಿ ಚಿಟಿಚಿಟಿ ಆಯಿತು. ‘ನೀರು ಮುಗೀತು, ಈಗ ಕೊಬ್ಬಿನ ಸರದಿ’ ಅಂದ ತಮ್ಮ. ತೊಗಲು ತನ್ನ ಕೊಬ್ಬಿನಲ್ಲೇ ಹುರಿದುಕೊಳ್ಳುವುದು ಈಗಲೇ.

ಕೋಳಿ 74 ಡಿಗ್ರಿಗೆ ತಿನ್ನಲು ಸುರಕ್ಷಿತ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ರೆಕ್ಕೆಯನ್ನು ಅಲ್ಲಿಗೇ ಇಳಿಸಿದರೆ ಜಿಗುಟು. ನಾರು ಕರಗಿ ಮಾಂಸ ಮೂಳೆ ಬಿಡಬೇಕಾದರೆ ಒಳಬಿಸಿ 80 ದಾಟಿ 88ರವರೆಗೂ ಹೋಗಲಿ, ಈ ಭಾಗ ಒಣಗುವುದಿಲ್ಲ.

ಸಾಸು ಕೊನೆಗೆ. ಸಕ್ಕರೆಯಿರುವ ಸಾಸನ್ನು ಮೊದಲೇ ಬಳಿದರೆ ಕರಕಲು ಕಹಿ. ಬೆಣ್ಣೆ ಕರಗಿಸಿದ ಖಾರದ ಸಾಸನ್ನು ಬೋಗುಣಿಯಲ್ಲಿಟ್ಟು, ರೆಕ್ಕೆ ಹಾಕಿ ಎರಡು ಸಲ ಎಗರಿಸಿದರೆ ಸಾಕು. ಅಲಬಾಮಾದ ಡಿಕೇಟರ್ ಊರಿನವರು ಮಯೋನೀಸ್, ವಿನೆಗರ್, ಕಾಳುಮೆಣಸಿನ ಬಿಳಿ ಸಾಸ್ ಹಚ್ಚುತ್ತಾರೆ. ನನ್ನ ಕೇಳಿದರೆ ಎರಡೂ ಬೇಡ, ನಿಂಬೆಹುಳಿ ಹಿಂಡಿ ತಿನ್ನಿ. ಇಷ್ಟು ಕಷ್ಟಪಟ್ಟು ನೀರು ತೆಗೆದ ತೊಗಲಿಗೆ ಮತ್ತೆ ನೀರು ಕುಡಿಸುವುದು ಯಾಕೆ? ಮುಚ್ಚಿಡಲೂ ಬಾರದು, ಹಾಟ್‌ಬಾಕ್ಸಿನ ದೋಸೆಯ ಗತಿಯೇ ಆಗುತ್ತದೆ.

ಬೆಂಗಳೂರಿಗೆ ಬಂದಮೇಲೆ ಮನೆಯ ಒವನ್ನಿನಲ್ಲಿ ಮಾಡಿ ನೋಡಿದೆ. ಹೊಗೆಯ ಘಮ ಇಲ್ಲ, ಗರಿ ಮಾತ್ರ ಅದೇ. ಎಡವಿದ್ದು ಕೋಳಿ ಅಂಗಡಿಯಲ್ಲಿ. ಹುಡುಗ ಅಭ್ಯಾಸಬಲದಿಂದ ತೊಗಲು ಸುಲಿದೇ ಕೊಟ್ಟಿದ್ದ. ‘ವಿತ್ ಸ್ಕಿನ್’ ಎಂದು ಮೊದಲೇ ಹೇಳಿ. ಇದನ್ನು ಓದಿ ಈಗ ಅಂಗಡಿಗೆ ಓಡಿದರೆ ಇವತ್ತಿನ ಊಟಕ್ಕೆ ಆಗುವುದಿಲ್ಲ. ಭಾನುವಾರದ ಊಟಕ್ಕೆ ಶನಿವಾರವೇ ತಂದು, ಫ್ರಿಜ್ಜಿನಲ್ಲಿ ಒಂದು ಅರೆ ಖಾಲಿ ಮಾಡಿ.