ಕೊರಿಯಾದ ಕಷಾಯದಿಂದ ಶ್ವಾಸಕೋಶದ ಉರಿಯೂತ ಇಳಿಯುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಕೊರಿಯಾದ ಸಾಂಪ್ರದಾಯಿಕ ಗಿಡಮೂಲಿಕೆ ಔಷಧ ಶ್ವಾಸಕೋಶದ ಉರಿಯೂತ ಕಡಿಮೆ ಮಾಡುತ್ತದೆ" ಎಂಬಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ಪೂರ್ತಿ ಕಟ್ಟುಕಥೆಯಲ್ಲ. ಆದರೆ ಇಂಥ ಸಂದೇಶಗಳಲ್ಲಿ ಸಾಮಾನ್ಯವಾಗಿ ಒಂದು ಪದ ಬಿಟ್ಟುಹೋಗಿರುತ್ತದೆ: 'ಇಲಿಗಳಲ್ಲಿ'. ಆ ಒಂದು ಪದದಿಂದ ಎಷ್ಟು ವ್ಯತ್ಯಾಸವಾಗುತ್ತದೆ, ನೋಡೋಣ.

ಯಾವುದು ಈ ಔಷಧ?

ದಕ್ಷಿಣ ಕೊರಿಯಾದ ಸಾಂಪ್ರದಾಯಿಕ ವೈದ್ಯಕ್ಕೆ 'ಹಾನುಯಿಹಾಕ್' ಎಂದು ಹೆಸರು. ಹೊ ಜುನ್ ಎಂಬ ವೈದ್ಯರು ಬರೆದ, 1613ರಲ್ಲಿ ಪ್ರಕಟವಾದ 'ದೊಂಗುಯಿ ಬೊಗಾಮ್' ಅದರ ಪ್ರಮುಖ ಗ್ರಂಥ. ನಮ್ಮಲ್ಲಿ ಆಯುರ್ವೇದಕ್ಕೆ ಇರುವಂತೆ ಅಲ್ಲಿ ಇದಕ್ಕೆ ಬೇರೆಯೇ ಪದವಿ, ಬೇರೆಯೇ ಲೈಸೆನ್ಸ್ ಇದೆ.

ಕೆಮ್ಮು, ಉಬ್ಬಸಕ್ಕೆ ಕೊಡುವ 'ಸೊಚೊಂಗ್ನ್ಯೊಂಗ್‌ತಾಂಗ್' ಎಂಟು ಮೂಲಿಕೆಗಳ ಕಷಾಯ. ಎಫೆಡ್ರಾ, ಅಸಾರಮ್, ಶುಂಠಿ, ಜ್ಯೇಷ್ಠಮಧು ಇವೆಲ್ಲ ಅದರಲ್ಲಿವೆ. 'ದೊರಾಜಿ' ಎಂಬ ಇನ್ನೊಂದು ಗಿಡದ ಬೇರು ಅಲ್ಲಿ ಊಟದ ಪಲ್ಯವೂ ಹೌದು, ಕೆಮ್ಮಿನ ಮದ್ದೂ ಹೌದು.

ಇದು ಹೇಗೆ ಕೆಲಸ ಮಾಡಬಹುದು?

ಹೊಗೆ, ದೂಳು ಅಥವಾ ರೋಗಾಣು ಒಳಗೆ ಹೋದಾಗ ಶ್ವಾಸಕೋಶದ ಕಾವಲು ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಕೋಶದೊಳಗೆ 'ಎನ್‌ಎಫ್-ಕಪ್ಪಾ-ಬಿ' ಎಂಬ ಪ್ರೋಟೀನು ಸ್ವಿಚ್ಚಿನಂತೆ ಆನ್ ಆಗುತ್ತದೆ. ಆಗ ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ಸಂಕೇತ ರಾಸಾಯನಿಕಗಳು ಹೊರಡುತ್ತವೆ. ಅವುಗಳ ಕರೆಗೆ ರಕ್ತದಿಂದ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಇದೇ ಉರಿಯೂತ. ಹದದಲ್ಲಿದ್ದರೆ ಅದು ರಕ್ಷಣೆ. ಅತಿಯಾದರೆ ಊತ, ಕಫ, ಉಸಿರಾಟದ ತೊಂದರೆ.

ಪ್ರಯೋಗಾಲಯದಲ್ಲಿ ಇಲಿಗಳಿಗೆ ಸಿಗರೇಟ್ ಹೊಗೆ ಅಥವಾ ಬ್ಯಾಕ್ಟೀರಿಯಾದ ಹೊರಕವಚದ ಅಂಶ ಕೊಟ್ಟು ಉರಿಯೂತ ಬರಿಸುತ್ತಾರೆ. ಕೆಲವಕ್ಕೆ ಮೂಲಿಕೆಯ ಸಾರ ಕೊಡುತ್ತಾರೆ, ಕೆಲವಕ್ಕೆ ಇಲ್ಲ. ಆಮೇಲೆ ಶ್ವಾಸಕೋಶವನ್ನು ದ್ರವದಿಂದ ತೊಳೆದು, ಅದರಲ್ಲಿರುವ ಬಿಳಿ ರಕ್ತಕಣಗಳನ್ನು ಎಣಿಸುತ್ತಾರೆ. ಇಂಥ ಹಲವು ಪ್ರಯೋಗಗಳಲ್ಲಿ ಸಾರ ಪಡೆದ ಇಲಿಗಳಲ್ಲಿ ಆ ಕಣಗಳೂ ಸಂಕೇತ ರಾಸಾಯನಿಕಗಳೂ ಕಡಿಮೆ ಇದ್ದವು.

ಹಾಗಾದರೆ ನಮಗೂ ಆಗುತ್ತದಲ್ಲವೇ?

ಇಲ್ಲೇ ಎಡವುವುದು. ಇಲಿಯಲ್ಲಿ ಉರಿಯೂತವನ್ನು ಕೆಲವೇ ದಿನ ಅಥವಾ ವಾರಗಳಲ್ಲಿ ಬರಿಸಲಾಗುತ್ತದೆ. ಹಲವು ಪ್ರಯೋಗಗಳಲ್ಲಿ ಔಷಧವನ್ನು ಅದಕ್ಕೂ ಮೊದಲೇ ಕೊಟ್ಟಿರುತ್ತಾರೆ. ಇಪ್ಪತ್ತು ವರ್ಷ ಬೀಡಿ ಸೇದಿ ಅಥವಾ ಒಲೆಯ ಹೊಗೆ ಕುಡಿದು ಸಿಒಪಿಡಿ ಬಂದವರ ಶ್ವಾಸಕೋಶದ ಕಥೆಯೇ ಬೇರೆ. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಗಳು ಮನುಷ್ಯರಲ್ಲಿ ಸೋತಿವೆ.

ಗಿಡಮೂಲಿಕೆ ತಾನೇ, ತೊಂದರೆ ಏನು?

ಕೆಲಸ ಮಾಡುವ ಮದ್ದು ತೊಂದರೆಯನ್ನೂ ಮಾಡಬಲ್ಲದು. ಎಫೆಡ್ರಾದಲ್ಲಿರುವ ಎಫೆಡ್ರಿನ್ ಉಸಿರಿನ ನಾಳಗಳನ್ನು ಹಿಗ್ಗಿಸುತ್ತದೆ, ಜೊತೆಗೆ ಎದೆಬಡಿತ ಮತ್ತು ಬಿಪಿಯನ್ನೂ ಏರಿಸುತ್ತದೆ. ಅಮೆರಿಕ 2004ರಲ್ಲಿ ಎಫೆಡ್ರಿನ್ ಬಗೆಯ ಅಂಶಗಳಿದ್ದ ಆಹಾರ ಪೂರಕಗಳನ್ನು ನಿಷೇಧಿಸಿತು. ಜ್ಯೇಷ್ಠಮಧು ಹೆಚ್ಚಾದರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುತ್ತದೆ. ಅಸಾರಮ್ ಗಿಡದಲ್ಲಿ, ಅದರಲ್ಲೂ ಎಲೆಯಲ್ಲಿ, ಅರಿಸ್ಟೊಲೋಕಿಕ್ ಆಮ್ಲ ಇರಬಹುದು. ಅದು ಕಿಡ್ನಿ ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಕೊರಿಯಾದಲ್ಲಿ ರೋಗಿಯನ್ನು ನೋಡಿ ಬರೆದುಕೊಡಲು ತರಬೇತಿ ಪಡೆದ ವೈದ್ಯರಿದ್ದಾರೆ. ಆನ್‌ಲೈನ್‌ನಲ್ಲಿ ತರಿಸಿದ ಪುಡಿಯ ಜೊತೆ ಅವರು ಬರುವುದಿಲ್ಲ.

ನಾವು ಹೇಳುವುದಿಷ್ಟು

ಇದು ಭರವಸೆ ಇರುವ ಸಂಶೋಧನೆ, ಸಿದ್ಧ ಚಿಕಿತ್ಸೆಯಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಕಷಾಯವನ್ನು ನಂಬಿ ಇನ್‌ಹೇಲರ್ ಬಿಡುವುದು. ಅಸ್ತಮಾ ಇರುವವರು ಆರಾಮಾಗಿದ್ದೇವೆ ಎಂದು ಇನ್‌ಹೇಲರ್ ನಿಲ್ಲಿಸಿದರೆ ತೀವ್ರ ದಾಳಿಯಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಯಾವುದೇ ಮೂಲಿಕೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ. ಆ ಸಂದೇಶ ಮುಂದೆ ಕಳಿಸಲೇಬೇಕೆಂದರೆ, 'ಇಲಿಗಳಲ್ಲಿ' ಎಂಬ ಪದ ಸೇರಿಸಿ, 'ಇನ್‌ಹೇಲರ್ ಬಿಡಬೇಡಿ' ಎಂದೂ ಬರೆದು ಕಳಿಸಿ.