ಬಸಂತರ್ ದಡದಲ್ಲಿ ನಮ್ಮಪ್ಪ ಇದ್ದರು!

ಮೆಡಲ್ಲಿನ ಅಂಚಿನ ಮೇಲೆ ಹೆಸರು ಕೆತ್ತಿರುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ದುಂಡನೆಯ ಸಂಗ್ರಾಮ್ ಮೆಡಲ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ, ಎಳ್ಳುಕಾಳಿನಷ್ಟು ಅಕ್ಷರಗಳು: ನಂಬರು, ರ್‍ಯಾಂಕು, ಆಮೇಲೆ ಅಪ್ಪನ ಹೆಸರು! ಜತೆಯಲ್ಲೊಂದು ಕಂಚಿನ ನಕ್ಷತ್ರ, ಪಶ್ಚಿಮಿ ಸ್ಟಾರ್. 1971ರ ಯುದ್ಧದಲ್ಲಿ ಪಶ್ಚಿಮದ ರಣರಂಗದಲ್ಲಿದ್ದವರಿಗೆ ಕೊಟ್ಟದ್ದು. ಪಿಂಚಣಿ ಕೆಲಸಕ್ಕೆ ಡಿಸ್ಚಾರ್ಜ್ ಬುಕ್ ಬೇಕೆಂದು ಟ್ರಂಕು ತೆರೆದ ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ನಮ್ಮಪ್ಪನಾ? ಯುದ್ಧದಲ್ಲಾ?

ಊರವರು ಅವರನ್ನು ‘ಮಿಲಿಟ್ರಿಯವರು’ ಎಂದೇ ಕರೆಯುವುದು, ನಿಜ. ಆದರೆ ಅಲ್ಲಿ ಏನು ಕೆಲಸ ಎಂದು ಕೇಳಿದರೆ, “ಹಲಸೂರಲ್ಲಿದ್ದೆ, ದಾರಿ ಮಾಡೋ ಕೆಲಸ” ಎಂದು ಟವೆಲ್ಲು ಹೆಗಲಿಗೆ ಹಾಕಿ ತೋಟಕ್ಕೆ ಹೊರಟುಬಿಡುತ್ತಿದ್ದರು. ಜಲ್ಲಿ, ಡಾಂಬರು ಇರಬೇಕೆಂದುಕೊಂಡೇ ನಾವು ಮಕ್ಕಳು ಬೆಳೆದೆವು.

ಡಿಸ್ಚಾರ್ಜ್ ಬುಕ್ಕಿನಲ್ಲಿ ಬರೆದಿದೆ: 9 ಎಂಜಿನಿಯರ್ ರೆಜಿಮೆಂಟ್. ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನ, 1780ರಷ್ಟು ಹಿಂದಕ್ಕೆ ಚರಿತ್ರೆಯಿರುವ ಸ್ಯಾಪರ್‌ಗಳ, ಅಂದರೆ ಸೇನೆಯ ಎಂಜಿನಿಯರ್ ಸೈನಿಕರ ಪಡೆ. ಆ ರೆಜಿಮೆಂಟು 1971ರ ಡಿಸೆಂಬರಿನಲ್ಲಿ ಎಲ್ಲಿತ್ತೆಂದು ಹುಡುಕುತ್ತಾ ಹೋದೆ. ಪಶ್ಚಿಮ ಗಡಿಯ ಶಕರ್‌ಗಢ! ಬಸಂತರ್ ನದಿ! ಎರಡು ಪರಮವೀರ ಚಕ್ರ ತಂದ ಕಾಳಗ ಅದು. ಮೇಜರ್ ಹೋಶಿಯಾರ್ ಸಿಂಗ್, 21ರ ಹರೆಯದಲ್ಲೇ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. ಖೇತ್ರಪಾಲರ ಹೆಸರನ್ನು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಗಂಟಲು ಹರಿಯುವಂತೆ ಹೇಳಿದವಳು ನಾನು. ಅಪ್ಪ ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ್ದರು, ತುಟಿ ಬಿಚ್ಚಿರಲಿಲ್ಲ!

ಆ ಕಾಳಗದ ಬಗೆಗೆ ಓದಿದಷ್ಟೂ ಬೆರಗು. ನದಿಯ ಆಚೀಚೆ ನೆಲದ ತುಂಬ ಮೈನುಗಳು. ಡಿಸೆಂಬರ್ 15ರ ರಾತ್ರಿ ಕಾಲಾಳುಗಳು ಹೊಳೆ ದಾಟಿ ನೆಲೆ ಹಿಡಿದರು. ಆದರೆ ಅವರ ಬೆಂಬಲಕ್ಕೆ ಟ್ಯಾಂಕು ಹೋಗಬೇಕಲ್ಲ? ಟ್ಯಾಂಕಿಗೆ ಮೊದಲು ದಾರಿ ಬೇಕು. ಆ ದಾರಿಯನ್ನು ಶೆಲ್ಲು ಬೀಳುತ್ತಿರುವಾಗ ಕತ್ತಲಲ್ಲಿ ಬಿಡಿಸುತ್ತಾ ಹೋದವರು ಸ್ಯಾಪರ್‌ಗಳು. ಅರ್ಧ ಕೆಲಸವಾಗುವಷ್ಟರಲ್ಲಿ ಆಚೆಯಿಂದ ಶತ್ರು ಟ್ಯಾಂಕುಗಳ ಸುಳಿವು ಬಂತು. ನಮ್ಮ ಟ್ಯಾಂಕು ಪಡೆ 17 ಪೂನಾ ಹಾರ್ಸ್ ಇನ್ನು ಕಾಯಲಿಲ್ಲ, ಉಳಿದ ಮೈನುಗಳ ನಡುವೆಯೇ ನುಗ್ಗಿತು. ಇದೇ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಆ ಕ್ಷೇತ್ರದಲ್ಲಿ ಮೈನು ತೆಗೆಸುತ್ತಾ ಪ್ರಾಣ ಬಿಟ್ಟರು, ಮರಣೋತ್ತರ ಮಹಾವೀರ ಚಕ್ರ ಪಡೆದರು. ಪರಮವೀರರ ಹೆಸರು ಬಲ್ಲ ನಾಡಿಗೆ ಈ ಹೆಸರೂ ಬಾಯಿಪಾಠವಾಗಬೇಕಿತ್ತು.

ಸಂಜೆ ತೋಟಕ್ಕೆ ಓಡಿದೆ. “ಅಪ್ಪ, ಬಸಂತರ್‌ನಲ್ಲಿ ಇದ್ರಾ?”

ಪಾತಿ ಕೆದಕುತ್ತಿದ್ದವರು ತಲೆಯೆತ್ತಿದರು. “ಟ್ರಂಕು ತೆಗೆದ್ಯಾ” ಎಂದಷ್ಟೇ ಕೇಳಿ, ಬಾ ಎಂದು ಪಕ್ಕಕ್ಕೆ ಕೂರಿಸಿಕೊಂಡು ತೆಂಗಿನಗರಿಯ ಕಡ್ಡಿಯೊಂದನ್ನು ಮುರಿದರು. ಅದನ್ನು ಮಣ್ಣಿಗೆ ಓರೆಯಾಗಿ ಇಳಿಸಿದರು, ನೆಟ್ಟಗಲ್ಲ. “ನೆಟ್ಟಗೆ ಚುಚ್ಚಿದ್ರೆ ಮೈನಿನ ನೆತ್ತಿಗೆ ಒತ್ತು ಬೀಳತ್ತೆ, ಸಿಡಿಯತ್ತೆ. ಹೀಗೆ ಓರೆಗೆ ಹೋದ್ರೆ ಪಕ್ಕೆಗೆ ತಾಗತ್ತೆ. ತಾಗಿದ ತಕ್ಷಣ ಕೈ ನಿಲ್ಲಬೇಕು.” ಕಡ್ಡಿ ಒಂದು ಅಂಗುಲ ಬಿಟ್ಟು ಇನ್ನೊಂದು ಕಡೆ ಇಳಿಯಿತು, ಮತ್ತೆ ಪಕ್ಕದಲ್ಲಿ. “ಹೊಟ್ಟೆ ಮೇಲೆ ಮಲಗಿ ಹೀಗೇ ಮುಂದೆ ಮುಂದೆ ಹೋಗೋದು. ಟ್ಯಾಂಕು ನಾಶ ಮಾಡೋ ಮೈನಿಗೆ ಮನುಷ್ಯನ ತೂಕ ಸಾಲೋದಿಲ್ಲ. ಅದರ ಸುತ್ತ ಇಟ್ಟಿರೋ ಸಣ್ಣವಕ್ಕೆ ಕಾಲೊಂದು ಸಾಕು. ಹಿಂದಿನವರು ದಾರಿ ಗುರುತಿಗೆ ಬಿಳಿ ಟೇಪು ಹಾಸ್ಕೊಂಡು ಬರ್ತಿದ್ರು.”

ಎಂಬತ್ತರ ಹತ್ತಿರ ಬಂದ ಆ ಬೆರಳುಗಳು ಒಂದಿಷ್ಟೂ ನಡುಗಲಿಲ್ಲ. ನನಗೆ ಮಾತೇ ಹೊರಡಲಿಲ್ಲ. ಇವರು ಬಿಡಿಸಿದ ದಾರಿಯ ಮೇಲೆ ಸೆಂಚುರಿಯನ್ ಟ್ಯಾಂಕುಗಳು ಉರುಳಿ ಹೋದವು!

“ಭಯ ಆಗ್ಲಿಲ್ವಾ ಅಪ್ಪ?”

“ಚಳಿ ಆಗ್ತಿತ್ತು. ಬೆರಳಿಗೆ ಸ್ಪರ್ಶ ಗೊತ್ತಾಗ್ತಿರ್ಲಿಲ್ಲ, ಅದೇ ಭಯ.”

ಡಿಸೆಂಬರ್ 17ರ ರಾತ್ರಿ 8ಕ್ಕೆ ಕದನವಿರಾಮವಾಯಿತೆಂದು ನಾನು ಓದಿಕೊಂಡಿದ್ದೆ, ಅಲ್ಲಿಗೆ ಮುಗಿಯಿತಲ್ಲ ಎಂದೆ. ಅಪ್ಪ ಕಡ್ಡಿ ಬಿಸಾಕಿ ಎದ್ದರು. “ಬಂದೂಕಿನವರಿಗೆ ಮುಗೀತು. ಹೂತ ಮೈನು ಹಾಗೇ ಇದ್ವಲ್ಲ, ತೆಗೆಯೋರು ಯಾರು?” ಎಂದು ಕೊಳಾಯಿ ತಿರುಗಿಸಲು ಹೋದರು. ನಾನೂ ಹಿಂದೆಯೇ ಓಡಿದೆ, ಆ ತಿಂಗಳುಗಳ ಕಥೆ ಕೇಳಲು.